ಸುಗಂಧರಾಜ ಹೂ ಬಿಡುತ್ತಿಲ್ಲವೇ? ಬುಡ ಅಗೆದು ನೋಡಿ

ಸುಗಂಧರಾಜ ಬೆಳೆಸುವವರಲ್ಲಿ ಹೆಚ್ಚಿನವರದು ಒಂದೇ ದೂರು. ಮೊದಲ ವರ್ಷ ಚೆನ್ನಾಗಿ ಬಂತು, ಆಮೇಲೆ ಒಂದೆರಡು ಕಡ್ಡಿ ಬಂತು, ಈಗ ಬರೀ ಎಲೆ. ನನ್ನ ತಂಗಿಯದೂ ಇದೇ ಗೋಳು. ಗೊಬ್ಬರ ಹಾಕಿದಳು, ನೀರು ಹೆಚ್ಚಿಸಿದಳು, ಕುಂಡವನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದಾಡಿದಳು. ಹುಲ್ಲಿನಂಥ ಎಲೆ ಸೊಂಪಾಗಿ ಬೆಳೆಯಿತೇ ಹೊರತು ಹೂವಿನ ಸುಳಿವಿಲ್ಲ. ಕೊನೆಗೆ ಫೋನ್ ಮಾಡಿ "ಇದು ಗಂಡು ಗಿಡ ಇರಬೇಕು ಕಣೇ" ಅಂದಳು. ಸುಗಂಧರಾಜದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಅಂತ ಏನೂ ಇಲ್ಲ. ಹಾಗಂತ ಅವಳಿಗೆ ಹೇಳಿದರೆ ನಂಬಬೇಕಲ್ಲ!

ಈ ಗಿಡದ ಸ್ವಭಾವ ಅರ್ಥ ಆಗಬೇಕಾದರೆ ಇದರ ನೆಂಟರು ಯಾರು ಅಂತ ನೋಡಬೇಕು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಪೋಲಿಯಾಂಥೆಸ್ ಟ್ಯೂಬರೋಸಾ ಅಂತ ಹೆಸರಿಟ್ಟ. ತುಂಬ ಕಾಲ ಅದೇ ಹೆಸರು ನಡೆಯಿತು. ಇತ್ತೀಚೆಗೆ ಸಸ್ಯಗಳ ಡಿಎನ್‌ಎ ನೋಡಿ ಸಂಬಂಧ ಹುಡುಕುವ ಕಾಲ ಬಂದಮೇಲೆ, ಇದು ಕತ್ತಾಳೆಯ ಕುಲದೊಳಗೇ ಸೇರಬೇಕಾದದ್ದು ಅಂತ ಗೊತ್ತಾಯಿತು. ಈಗ ಇದರ ಹೆಸರು ಅಗೇವ್ ಅಮೀಕಾ. ಹೌದು, ಬೇಲಿಗೆ ಹಾಕುವ ಮುಳ್ಳು ಕತ್ತಾಳೆಯ ಬಳಗವೇ. ಎರಡರ ಮೂಲವೂ ಮೆಕ್ಸಿಕೋ ಕಡೆಯ ನೆಲ.

ಕತ್ತಾಳೆ ಹೂ ಬಿಡುವುದನ್ನು ನೋಡಿದ್ದೀರಾ? ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಒಂದು ದಿನ ನಡುವಿನಿಂದ ಎತ್ತರದ ಕಂಬ ಎಬ್ಬಿಸುತ್ತದೆ. ಹೂ ಬಿಟ್ಟು, ಒಣಗಿ, ಸತ್ತೇ ಹೋಗುತ್ತದೆ. ಬುಡದ ಸುತ್ತ ಮರಿಗಳು ಉಳಿಯುತ್ತವೆ. ಸುಗಂಧರಾಜದ ಗೆಡ್ಡೆಯದೂ ಅದೇ ಜಾಯಮಾನ. ಒಂದು ಗೆಡ್ಡೆ ಹೂ ಬಿಡುವುದು ಒಂದೇ ಸಲ. ಕಡ್ಡಿ ಎದ್ದು ಹೂ ಮುಗಿಯಿತು ಅಂದರೆ ಆ ಗೆಡ್ಡೆಯ ಆಟ ಮುಗಿಯಿತು. ಎಷ್ಟೇ ಗೊಬ್ಬರ ಸುರಿದರೂ ಅದರಿಂದ ಇನ್ನೊಂದು ಕಡ್ಡಿ ಬರುವುದಿಲ್ಲ. ನಾವು ಬಹುವಾರ್ಷಿಕ ಅಂತ ಕರೆಯುವುದು ಆ ಗೆಡ್ಡೆಯ ಸಂಸಾರವನ್ನು. ಅಮ್ಮ ಹೋಗುತ್ತಾಳೆ, ಮಕ್ಕಳು ಮುಂದುವರಿಸುತ್ತಾರೆ.

ತೊಂದರೆ ಶುರುವಾಗುವುದೇ ಆ ಮಕ್ಕಳಿಂದ. ಒಂದು ಗೆಡ್ಡೆ ಹೂ ಬಿಡುವಷ್ಟರಲ್ಲಿ ಸುತ್ತಲೂ ಮರಿಗೆಡ್ಡೆಗಳನ್ನು ಹಾಕಿರುತ್ತದೆ. ಅವುಗಳಲ್ಲಿ ದಪ್ಪನಾದವು ಮುಂದಿನ ಹಂಗಾಮಿಗೆ ಹೂ ಬಿಡುತ್ತವೆ, ಅವೂ ಮರಿ ಹಾಕುತ್ತವೆ. ಎರಡು ಮೂರು ವರ್ಷಕ್ಕೆ ಒಂದೇ ಗುಂಡಿಯಲ್ಲಿ ಒಂದರ ಮೇಲೊಂದು ಗೆಡ್ಡೆ, ಸೀಟು ಸಿಗದ ಬಸ್ಸಿನ ಹಾಗೆ. ಯಾವುದಕ್ಕೂ ಕೈಕಾಲು ಚಾಚಲು ಜಾಗ ಇಲ್ಲ. ಎಲ್ಲವೂ ಸಣಕಲಾಗಿಯೇ ಉಳಿಯುತ್ತವೆ. ಗೆಡ್ಡೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ ಆಗದೆ ಕಡ್ಡಿ ಕಳಿಸುವ ಧೈರ್ಯ ಮಾಡುವುದಿಲ್ಲ. ಎಲೆ ಮಾತ್ರ ಬಿಡುತ್ತಾ ಕೂತಿರುತ್ತದೆ. ಮೇಲಿನಿಂದ ನೋಡಿದವರಿಗೆ ಗಿಡ ಚೆನ್ನಾಗಿದೆ, ಹಸಿರಾಗಿದೆ, ಆದರೆ ಹೂ ಮಾತ್ರ ಇಲ್ಲ ಅನಿಸುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ಗೊಬ್ಬರದ ಚೀಲ ಪಕ್ಕಕ್ಕಿಟ್ಟು, ಕೈಗುದ್ದಲಿ ತಗೊಳ್ಳಿ.

ಅಗೆಯುವುದಕ್ಕೂ ಒಂದು ಹೊತ್ತಿದೆ. ಹೂವಿನ ಕಾಲ ಮುಗಿದು, ಎಲೆ ಹಳದಿಯಾಗಿ ತುದಿಯಿಂದ ಒಣಗುತ್ತಾ ಬರುತ್ತದಲ್ಲ, ಆಗ ನೀರು ನಿಲ್ಲಿಸಬೇಕು. ಎಲೆಯಲ್ಲಿದ್ದ ಸತ್ತ್ವವೆಲ್ಲ ಗೆಡ್ಡೆಗೆ ಇಳಿಯಲಿ. ನೋಡಲು ಚೆನ್ನಾಗಿಲ್ಲ ಅಂತ ಹಸಿರೆಲೆಯನ್ನೇ ಕತ್ತರಿಸಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಹೂ ಮುಗಿದ ಕಡ್ಡಿಯನ್ನು ಬುಡದವರೆಗೆ ಕತ್ತರಿಸಿ, ಎಲೆಯನ್ನು ಬಿಡಿ. ಮುಂದಿನ ವರ್ಷದ ಹೂವಿಗೆ ಅಡುಗೆ ನಡೆಯುತ್ತಿರುವುದು ಅಲ್ಲೇ.

ಎಲೆ ಪೂರ್ತಿ ಬಾಡಿದ ಮೇಲೆ, ಗುಂಪಿನಿಂದ ಒಂದು ಗೇಣು ದೂರದಲ್ಲಿ ಗುದ್ದಲಿ ಊರಿ ಇಡೀ ಗಡ್ಡೆಯನ್ನು ಮಣ್ಣು ಸಮೇತ ಎತ್ತುತ್ತೇನೆ. ಹತ್ತಿರ ಊರಿದರೆ ಗೆಡ್ಡೆಗಳು ಸೀಳಿ ಹೋಗುತ್ತವೆ. ಮಣ್ಣು ಉದುರಿಸಿದಾಗ ಕಾಣುವ ನೋಟ ನನಗೆ ಹೂವಿನಷ್ಟೇ ಇಷ್ಟ. ನಡುವೆ ಹಳೆಯ ಗೆಡ್ಡೆ ಇರುತ್ತದೆ. ಕಂದು ಸಿಪ್ಪೆ, ಮಧ್ಯದಲ್ಲಿ ಒಣಗಿದ ಕಡ್ಡಿಯ ಮೋಟು. ಹಿಂಡಿದರೆ ಟೊಳ್ಳು, ಬೆರಳ ನಡುವೆ ಪುಡಿಯಾಗುತ್ತದೆ. ಅದಕ್ಕೆ ಅಂಟಿಕೊಂಡು ಸುತ್ತ ಮರಿಗಳು. ಕೆಲವು ಹೆಬ್ಬೆರಳಿನಷ್ಟು ದಪ್ಪ, ಬುಡ ಅಗಲ, ತುದಿ ಚೂಪು. ಕೆಲವು ಪೆನ್ಸಿಲ್‌ಗಿಂತ ಸಣ್ಣ. ಇನ್ನು ಕೆಲವು ಕಡಲೆಕಾಳಿನಷ್ಟು, ಮುಟ್ಟಿದರೆ ಉದುರುತ್ತವೆ. ಬೇರೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಕತ್ತಿ ಬೇಡ, ಕೈಯಿಂದಲೇ ಮೆಲ್ಲಗೆ ತಿರುಚಿದರೆ ಬಿಡುತ್ತವೆ. ಹೀಗೆ ಬಿಡಿಸಿ ತೋರಿಸಿದ ಮೇಲೇ ತಂಗಿ ಗಂಡು ಗಿಡದ ಮಾತು ಬಿಟ್ಟದ್ದು. ಅವಳ ಕುಂಡದಲ್ಲಿ ದಪ್ಪ ಗೆಡ್ಡೆ ಒಂದೂ ಇರಲಿಲ್ಲ, ಸಣ್ಣವು ಲೆಕ್ಕವಿಲ್ಲದಷ್ಟು.

ಬಿಡಿಸಿದ್ದನ್ನು ಗಾತ್ರ ನೋಡಿ ಬೇರೆ ಮಾಡಬೇಕು. ಒಂದೂವರೆಯಿಂದ ಮೂರು ಸೆಂಟಿಮೀಟರ್ ದಪ್ಪದವು ಈ ವರ್ಷವೇ ಹೂ ಕೊಡುತ್ತವೆ. ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ, ಮೂಗಿಗೆ ಹಿಡಿದಾಗ ಹುಳಿ ವಾಸನೆ ಬಂದರೆ ಎಸೆಯಿರಿ, ಕರುಣೆ ತೋರಿಸಬೇಡಿ. ಸಣ್ಣ ಗೆಡ್ಡೆಗಳನ್ನು ಬೇರೆ ಪಾತಿಯಲ್ಲಿ ಒಂದು ವರ್ಷ ಸಾಕಬೇಕು. ಕಡಲೆ ಗಾತ್ರದವನ್ನು ನಾನಂತೂ ಇಟ್ಟುಕೊಳ್ಳುವುದಿಲ್ಲ. ಅಷ್ಟು ತಾಳ್ಮೆ ಇರುವವರು ಇಟ್ಟುಕೊಳ್ಳಲಿ.

ಅಗೆದ ದಿನವೇ ಮತ್ತೆ ನೆಡುವ ಅವಸರವೂ ಬೇಡ. ನೆರಳಲ್ಲಿ, ಗಾಳಿ ಆಡುವ ಕಡೆ, ಒಂದರ ಮೇಲೊಂದು ಬೀಳದ ಹಾಗೆ ಹರಡಿ ಒಂದು ತಿಂಗಳಾದರೂ ಬಿಡಿ. ಆಗಾಗ ಮಗ್ಗುಲು ತಿರುಗಿಸಿದರೆ ಬೂಷ್ಟು ಬರುವುದಿಲ್ಲ. ಗೆಡ್ಡೆಗೂ ನಿದ್ದೆ ಬೇಕು. ವಿಶ್ರಾಂತಿ ಸಿಕ್ಕ ಗೆಡ್ಡೆ ಚುರುಕಾಗಿ ಚಿಗುರುತ್ತದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡುವುದು ಮಾತ್ರ ಬೇಡವೇ ಬೇಡ, ಬೆವೆತು ಕೊಳೆಯುತ್ತದೆ.

ನೆಡುವುದು ಸುಲಭ. ಬಿಸಿಲು ಬೇಕು, ದಿನಕ್ಕೆ ಆರು ಗಂಟೆಯಾದರೂ. ಅರೆನೆರಳಿನಲ್ಲಿ ಬದುಕುತ್ತದೆ, ಹೂ ಬಿಡುವ ಮನಸ್ಸು ಮಾಡುವುದಿಲ್ಲ. ಗೆಡ್ಡೆಯಿಂದ ಗೆಡ್ಡೆಗೆ 20ರಿಂದ 30 ಸೆಂಟಿಮೀಟರ್ ಅಂತರ, ಆಳ ಐದಾರು ಸೆಂಟಿಮೀಟರ್. ಚೂಪು ತುದಿ ಮೇಲಕ್ಕೆ. ಆಳಕ್ಕೆ ಹೂತರೆ ಚಿಗುರುವುದು ತಡ. ನೀರು ನಿಲ್ಲುವ ಜಿಗುಟು ಮಣ್ಣಾದರೆ ಏರುಮಡಿ ಮಾಡಿ, ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕುಂಡದಲ್ಲಾದರೆ 12 ಇಂಚಿನ ಕುಂಡಕ್ಕೆ ಮೂರು ನಾಲ್ಕು ಗೆಡ್ಡೆ ಸಾಕು. ಖಾಲಿ ಖಾಲಿ ಕಾಣುತ್ತದೆ ಅಂತ ಹತ್ತು ತುರುಕಿದರೆ ಮತ್ತೆ ಅದೇ ಇಕ್ಕಟ್ಟು. ಆಸರೆ ಕೋಲನ್ನೂ ಈಗಲೇ ಊರಿಬಿಡಿ. ಹೂದಂಟು ಎರಡು ಮೂರು ಅಡಿ ಎದ್ದು, ತುದಿ ಭಾರವಾಗಿ, ಗಾಳಿಗೆ ಮಲಗುತ್ತದೆ. ಆಗ ಕೋಲು ಊರಲು ಹೋದರೆ ಅದು ಹೋಗಿ ಚುಚ್ಚುವುದು ಗೆಡ್ಡೆಗೇ.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಮೊಳಕೆ ಕಾಣುವವರೆಗೆ ಕೈ ಹಿಡಿದುಕೊಳ್ಳಿ. ಎಲೆ ಇಲ್ಲದ ಗೆಡ್ಡೆ ನೀರು ಕುಡಿಯುವುದಿಲ್ಲ, ನೀರಲ್ಲಿ ಕೊಳೆಯುತ್ತದೆ. ಎಲೆ ಬಂದ ಮೇಲೆ ಲೆಕ್ಕ ಉಲ್ಟಾ. ಆಗ ಮಣ್ಣು ಪೂರ್ತಿ ಒಣಗಬಾರದು. ಕಡ್ಡಿ ಏಳುವ ಹೊತ್ತಿಗೆ ನೀರು ತಪ್ಪಿದರೆ ಕಡ್ಡಿ ಗಿಡ್ಡವಾಗುತ್ತದೆ, ಮೊಗ್ಗು ಕಡಿಮೆಯಾಗುತ್ತದೆ. ಬೆಚ್ಚಗಿನ ಹವೆಯಲ್ಲಿ ನೆಟ್ಟು ಮೂರು, ಮೂರೂವರೆ ತಿಂಗಳಿಗೆ ಮೊದಲ ಕಡ್ಡಿ ನಿರೀಕ್ಷಿಸಬಹುದು. 20ರಿಂದ 30 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಹಿಮ ಬೀಳುವ ಕಡೆ ಇರುವವರು ಚಳಿಗೆ ಮುಂಚೆ ಗೆಡ್ಡೆ ಕಿತ್ತು ಒಳಗಿಟ್ಟು, ಹವೆ ಬೆಚ್ಚಗಾದ ಮೇಲೆ ನೆಡಬೇಕು. ಹಿಮ ತಾಗಿದರೆ ಗೆಡ್ಡೆ ಉಳಿಯುವುದಿಲ್ಲ.

ಗೊಬ್ಬರದ ವಿಷಯದಲ್ಲಿ ನಾನು ಸ್ವಲ್ಪ ಜಿಪುಣಿ. ಎಲೆ ಬಂದಾಗ ಒಮ್ಮೆ ಎರೆಗೊಬ್ಬರ, ಕಡ್ಡಿ ಕಾಣಿಸುವ ಮುಂಚೆ ಇನ್ನೊಮ್ಮೆ, ಜೊತೆಗೆ ಬೇವಿನ ಹಿಂಡಿ. ಸಾರಜನಕ ಜಾಸ್ತಿಯಾದರೆ ಎಲೆ ಕೊಬ್ಬಿ ಮೆತ್ತಗಾಗುತ್ತದೆ, ಹೇನಿಗೆ ಹಬ್ಬ. ಯೂರಿಯಾ ಹಾಕಿ ಹೂ ಬರಲಿಲ್ಲ ಅನ್ನುವವರಿಗೆ ನಾನು ಉತ್ತರ ಕೊಡುವುದನ್ನೇ ನಿಲ್ಲಿಸಿದ್ದೇನೆ.

ಇನ್ನು ಪರಿಮಳ. ಇದಕ್ಕಾಗಿಯೇ ಅಲ್ವಾ ಇಷ್ಟೆಲ್ಲ ಪಾಡು?

ಬೆಳಗ್ಗೆ ಹೂವಿನ ಹತ್ತಿರ ಮೂಗಿಟ್ಟರೆ ಸುಮಾರಾದ ವಾಸನೆ. ಸೂರ್ಯ ಮುಳುಗಿದ ಮೇಲೆ ಅದೇ ಕಡ್ಡಿ ಬೇರೆಯೇ ಆಗುತ್ತದೆ. ಕಡ್ಡಿಯ ಕೆಳಗಿನ ಮೊಗ್ಗು ಮೊದಲು ಬಿಚ್ಚುತ್ತದೆ, ದಿನ ಕಳೆದ ಹಾಗೆ ಮೇಲಿನವು. ಮೊಗ್ಗುಗಳು ಜೋಡಿ ಜೋಡಿ ಇರುತ್ತವೆ. ಸಂಜೆ ಬಿಚ್ಚಿಕೊಳ್ಳುವ ಹೊಸ ಜೋಡಿಯೇ ಅಂದಿನ ಮುಖ್ಯ ಗಾಯಕರು. ಹತ್ತಿರದಿಂದ ಗಮನವಿಟ್ಟು ಮೂಸಿ ನೋಡಿ. ಮೊದಲು ಒಂದು ಹಸಿರು ವಾಸನೆ, ಮುರಿದ ದಂಟಿನದು. ಆಮೇಲೆ ಬೆಣ್ಣೆಯಂಥ ದಪ್ಪ ಸಿಹಿ. ಇವೆರಡರ ಹಿಂದೆ ಸಣ್ಣಗೆ ಮೂಗು ತಣ್ಣಗಾಗಿಸುವ ಏನೋ ಒಂದು. ಮಂಡಿ ನೋವಿಗೆ ಹಚ್ಚುವ ಮುಲಾಮಿನ ನೆನಪು ಬಂದರೆ ಅದು ನಿಮ್ಮ ಭ್ರಮೆ ಅಲ್ಲ. ಮುಲಾಮಿನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಈ ಹೂವಿನ ಪರಿಮಳದಲ್ಲೂ ಇದೆ. ಇದನ್ನು ಹೇಳಿದ ಮೇಲೆ ನಮ್ಮತ್ತೆಗೆ ಸುಗಂಧರಾಜ ಅಂದರೆ ಬರೀ ಮುಲಾಮೇ ಕಾಣುತ್ತದಂತೆ, ನನ್ನನ್ನು ಬೈಯುತ್ತಾರೆ.

ರಾತ್ರಿ ಯಾಕೆ ಇಷ್ಟು ಪರಿಮಳ? ಕರೆಯುತ್ತಿರುವುದು ಪತಂಗಗಳನ್ನು. ಬಿಳಿ ಬಣ್ಣ, ಉದ್ದನೆಯ ಬಾಗಿದ ಕೊಳವೆ, ಕತ್ತಲಲ್ಲಿ ಪರಿಮಳ: ಈ ಮೂರೂ ಉದ್ದ ನಾಲಗೆಯ ಹಾಕ್ ಪತಂಗಕ್ಕೆ ಹೇಳಿ ಮಾಡಿಸಿದವು. ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು, ಸುರುಳಿ ನಾಲಗೆ ಬಿಚ್ಚಿ ಕೊಳವೆಯೊಳಗೆ ಇಳಿಸುತ್ತದೆ. ರೆಕ್ಕೆ ಕಣ್ಣಿಗೆ ಕಾಣುವುದಿಲ್ಲ, ಬರೀ ಮಂಜು ಮಂಜು. ಟಾರ್ಚ್ ಹಾಕಿದರೆ ಮಾಯ. ಅದಕ್ಕೆ ನಾನು ವರಾಂಡದ ದೀಪವನ್ನೂ ಆರಿಸಿ ಕೂರುತ್ತೇನೆ.

ಕಿತ್ತ ಮೇಲೂ ಈ ಹೂ ಪರಿಮಳ ತಯಾರಿಸುತ್ತಲೇ ಇರುತ್ತದೆ. ಎಲ್ಲ ಹೂವುಗಳಿಗೂ ಈ ಗುಣ ಇಲ್ಲ, ಮಲ್ಲಿಗೆಯ ಬಳಗಕ್ಕಿದೆ. ಫ್ರಾನ್ಸಿನ ಗ್ರಾಸ್ ಊರಿನ ಸುಗಂಧದ್ರವ್ಯದವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಗಾಜಿನ ಮೇಲೆ ಕೊಬ್ಬು ಸವರಿ, ಅದರ ಮೇಲೆ ಹೂ ಹರಡಿ, ಬಾಡಿದ ಹೂ ತೆಗೆದು ಹೊಸದು ಹಾಕಿ, ಕೊಬ್ಬಿಗೆ ಪರಿಮಳ ಹತ್ತಿಸುತ್ತಿದ್ದರು. ಕುದಿಸಿ ಭಟ್ಟಿ ಇಳಿಸಿದರೆ ಈ ಹೂವಿನ ನಾಜೂಕು ಪರಿಮಳ ಹಾಳಾಗುತ್ತದೆ. 17ನೇ ಶತಮಾನದಲ್ಲಿ ಅದೇ ಫ್ರಾನ್ಸಿನ ದೊರೆ 14ನೇ ಲೂಯಿ ತನ್ನ ತ್ರಿಯಾನೊನ್ ಅರಮನೆಯ ತೋಟದ ತುಂಬ ಸುಗಂಧರಾಜ ನೆಡಿಸಿದ್ದ. ಸಂಜೆಯ ಘಾಟು ತಾಳಲಾರದೆ ಜನ ತೋಟ ಬಿಟ್ಟು ಎದ್ದು ಹೋಗುತ್ತಿದ್ದರಂತೆ. ನಂಬುವ ಮಾತೇ. ಮುಚ್ಚಿದ ಮಲಗುವ ಕೋಣೆಯಲ್ಲಿ ಎರಡು ಕಡ್ಡಿ ಇಟ್ಟು ನೋಡಿ, ಬೆಳಗ್ಗೆ ತಲೆ ಹಿಡಿದುಕೊಂಡು ಏಳುತ್ತೀರಿ. ಹೂದಾನಿಗೆ ಕಿಟಕಿ ತೆರೆದ ನಡುಮನೆಯೇ ಸರಿ.

ಪರಿಮಳ ಬೇಕು ಅನ್ನುವವರು ಒಂದೇ ಸುತ್ತು ಎಸಳಿನ ಸಿಂಗಲ್ ತಳಿಯನ್ನೇ ಆರಿಸಿ. ಡಬಲ್ ನೋಡಲು ತುಂಬಿಕೊಂಡಿರುತ್ತದೆ, ಮೊಗ್ಗಿಗೆ ನಸುಗುಲಾಬಿ ಬಣ್ಣ ಇರುತ್ತದೆ, ಫೋಟೋಗೆ ಚೆಂದ. ಪರಿಮಳದಲ್ಲಿ ಸಿಂಗಲ್ ಹತ್ತಿರ ಬರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿಂಗಲ್ ಬಗೆಯಲ್ಲಿ ಶೃಂಗಾರ್, ಪ್ರಜ್ವಲ್, ಅರ್ಕಾ ನಿರಂತರ ತಳಿಗಳನ್ನೂ, ಡಬಲ್‌ನಲ್ಲಿ ಸುವಾಸಿನಿಯನ್ನೂ, ಅರೆ ಡಬಲ್‌ನಲ್ಲಿ ವೈಭವ್ ಅನ್ನೂ ಕೊಟ್ಟಿದ್ದಾರೆ. ಪ್ರಜ್ವಲ್ ಹೂ ದಪ್ಪ, ತೂಕ ಜಾಸ್ತಿ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ರಜತ ರೇಖಾ, ಸ್ವರ್ಣ ರೇಖಾ ಅಂತ ಎರಡಿವೆ. ಒಂದರ ಎಲೆಯ ನಡುವೆ ಬೆಳ್ಳಿ ಗೆರೆ, ಇನ್ನೊಂದರ ಅಂಚಿಗೆ ಚಿನ್ನದ ಗೆರೆ. ಎಲೆಯ ಅಂದ ಬೇಕಿದ್ದವರಿಗೆ ಅವು. ನನ್ನ ಕಾಂಪೌಂಡ್ ಪಕ್ಕದ ಪಾತಿಯಲ್ಲಿ ಸಿಂಗಲ್ ಮಾತ್ರ. ಮನೆಯವರ ಹಟಕ್ಕೆ ತಾರಸಿಯಲ್ಲಿ ಒಂದು ಕುಂಡ ಡಬಲ್ ಇದೆ. ಮಳೆ ಬಿದ್ದರೆ ಅದರ ಎಸಳುಗಳ ನಡುವೆ ನೀರು ಕೂತು ಕಂದಾಗುತ್ತದೆ. ನಾನು ಏನೂ ಹೇಳಲು ಹೋಗುವುದಿಲ್ಲ.

ಕಡ್ಡಿ ಕತ್ತರಿಸುವುದಾದರೆ ಕೆಳಗಿನ ಒಂದೆರಡು ಹೂ ಅರಳಿದ ಮೇಲೆ, ಬೆಳಗಿನ ತಂಪಲ್ಲಿ ಅಥವಾ ಸಂಜೆ. ಪೂರ್ತಿ ಮೊಗ್ಗಿದ್ದಾಗ ಕತ್ತರಿಸಿದರೆ ಹೆಚ್ಚಿನವು ಹೂದಾನಿಯಲ್ಲಿ ಅರಳುವುದೇ ಇಲ್ಲ. ದಿನ ಬಿಟ್ಟು ದಿನ ನೀರು ಬದಲಿಸಿ, ದಂಟಿನ ಬುಡವನ್ನು ಓರೆಯಾಗಿ ಸ್ವಲ್ಪ ಕತ್ತರಿಸಿ. ನೀರಿಗೆ ಸಕ್ಕರೆ ಹಾಕಿದರೆ ಮೇಲಿನ ಮೊಗ್ಗೂ ಅರಳುತ್ತದೆ ಅನ್ನುತ್ತಾರೆ, ನಿಜ. ಆದರೆ ಬರೀ ಸಕ್ಕರೆ ಹಾಕಿ ಬಿಟ್ಟರೆ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆದು ದಂಟಿನ ಬಾಯಿ ಕಟ್ಟುತ್ತದೆ. ದಿನಾ ನೀರು ಬದಲಿಸುವ ಶ್ರದ್ಧೆ ಇದ್ದರೆ ಮಾತ್ರ ಸಕ್ಕರೆ. ಬಾಡಿದ ಕೆಳಗಿನ ಹೂಗಳನ್ನು ಚಿವುಟುತ್ತಾ ಹೋದರೆ ಒಂದು ವಾರ ಬಾಳಿಕೆ ಬರುತ್ತದೆ.

ಹುಳುವಿನ ಕಾಟ ದೊಡ್ಡದೇನಲ್ಲ, ಗಮನ ಇದ್ದರೆ. ಮೊಗ್ಗಿನ ಮೇಲೆ ಬೆಳ್ಳಿ ಬಣ್ಣದ ಗೀರು, ಅರಳದೆ ಸೊಟ್ಟಗಾದ ಹೂ ಕಂಡರೆ ಥ್ರಿಪ್ಸ್. ಬಿಳಿ ಕಾಗದದ ಮೇಲೆ ಕಡ್ಡಿ ತಟ್ಟಿ, ಸಣ್ಣ ಗೆರೆಯಂಥವು ಓಡಾಡುತ್ತವೆ. ಒಣ ಬಿಸಿಲಲ್ಲಿ ಎಲೆಯ ಕೆಳಗೆ ಸಣ್ಣ ಬಲೆ ಕಂಡರೆ ಕೆಂಪು ನುಸಿ. ಎರಡಕ್ಕೂ ಬೇವಿನ ಎಣ್ಣೆ, ಸಂಜೆ ಹೊತ್ತು, ಎಲೆಯ ಹಿಂಬದಿಗೂ ತಾಗುವ ಹಾಗೆ. ನಾನು ನಿಜವಾಗಿ ಹೆದರುವುದು ಎರಡಕ್ಕೆ. ಒಂದು, ಬುಡ ಕೊಳೆಯುವ ರೋಗ. ಎಲೆ ಎಳೆದರೆ ಕೈಗೇ ಬರುತ್ತದೆ, ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆ ಗಾತ್ರದ ಕಂದು ಕಾಳು. ಗಿಡವನ್ನು ಸುತ್ತಲಿನ ಮಣ್ಣು ಸಮೇತ ಕಿತ್ತು ಆಚೆ ಹಾಕಬೇಕು, ಕಾಂಪೋಸ್ಟ್ ಗುಂಡಿಗೆ ಹಾಕಬಾರದು. ಇನ್ನೊಂದು, ಬೇರುಗಂಟು ಹುಳು. ಇದು ಕಣ್ಣಿಗೆ ಕಾಣದ ನೆಮಟೋಡ್. ಗಿಡ ಕಾರಣವಿಲ್ಲದೆ ಸೊರಗಿದರೆ ಬೇರು ನೋಡಿ, ಗಂಟು ಗಂಟಾಗಿದ್ದರೆ ಅದೇ. ಆ ಜಾಗದಲ್ಲಿ ಒಂದು ಹಂಗಾಮು ಚೆಂಡು ಹೂ ಹಾಕಿ. ಚೆಂಡು ಹೂವಿನ ಬೇರು ಈ ಹುಳುಗಳನ್ನು ಕಡಿಮೆ ಮಾಡುತ್ತದೆ. ಶೃಂಗಾರ್ ತಳಿ ಈ ಹುಳುವನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಗಂಟು ಬೇರಿನ ಗೆಡ್ಡೆಯನ್ನು ಪ್ರೀತಿಯಿಂದ ಯಾರಾದರೂ ಕೊಟ್ಟರೆ, ಅಷ್ಟೇ ಪ್ರೀತಿಯಿಂದ ಬೇಡ ಅನ್ನಿ.

ಪ್ರತಿ ವರ್ಷ ಅಗೆಯಬೇಕಾ ಅಂತ ಕೇಳುತ್ತಾರೆ. ನೆಲದಲ್ಲಾದರೆ ಬೇಡ. ಎರಡು ವರ್ಷ ಬಿಡಿ, ಹೆಚ್ಚೆಂದರೆ ಮೂರು. ಎರಡನೇ ವರ್ಷ ಕಡ್ಡಿಗಳ ಸಂಖ್ಯೆ ಮೊದಲಿಗಿಂತ ಜಾಸ್ತಿಯೇ ಇರುತ್ತದೆ, ಮರಿಗಳೂ ಹೂ ಬಿಡುವುದರಿಂದ. ಮೂರನೇ ವರ್ಷ ಕಡ್ಡಿ ಗಿಡ್ಡವಾಗಿ, ಹೂ ಸಣ್ಣವಾದರೆ ಗುದ್ದಲಿಗೆ ಕೆಲಸ ಬಂತು ಅಂತ ಅರ್ಥ. ಕುಂಡದಲ್ಲಾದರೆ ಜಾಗ ಕಡಿಮೆ, ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಬಿಡಿಸಲೇಬೇಕು. ನಾನು ಪಾತಿಯನ್ನು ಮೂರು ಭಾಗ ಮಾಡಿಕೊಂಡಿದ್ದೇನೆ. ಪ್ರತಿ ವರ್ಷ ಒಂದು ಭಾಗ ಅಗೆಯುತ್ತೇನೆ, ಉಳಿದೆರಡು ಹೂ ಬಿಡುತ್ತಿರುತ್ತವೆ. ಹೀಗಾದರೆ ಬೆನ್ನಿಗೂ ಸುಖ, ಸಂಜೆಗಳೂ ಖಾಲಿ ಹೋಗುವುದಿಲ್ಲ.

ಈ ಸಲ ಗೋಡೆ ಕಡೆಯ ಭಾಗದ ಸರದಿ. ಎಲೆ ಹಳದಿಯಾಗಲು ಶುರುವಾಗಿದೆ, ಮುಂದಿನ ವಾರದಿಂದ ಆ ಕಡೆಗೆ ನೀರು ಬಂದ್. ಹಳೇ ದಿನಪತ್ರಿಕೆಗಳನ್ನು ಗೆಡ್ಡೆ ಹರಡಲು ಈಗಿನಿಂದಲೇ ಕೂಡಿಡುತ್ತಿದ್ದೇನೆ. ತಂಗಿಗೆ ಒಂದು ಚೀಲ ದಪ್ಪ ಗೆಡ್ಡೆ ಅಂತ ಮಾತು ಕೊಟ್ಟಾಗಿದೆ, ಒಂದು ಷರತ್ತಿನ ಮೇಲೆ: ಒಂದು ಕುಂಡಕ್ಕೆ ನಾಲ್ಕಕ್ಕಿಂತ ಹೆಚ್ಚು ಹಾಕಬಾರದು. ಐದು ಹಾಕುತ್ತಾಳೆ, ಗೊತ್ತಿದೆ.